ಮಾರ್ಗರಿಟಾ ಸುಲಭ, ಮನೆಯೇ ಕಷ್ಟ

ಮನೆಯಲ್ಲೇ ಮಾರ್ಗರಿಟಾ ಮಾಡುವುದು ಬಲು ಸುಲಭ ಎಂದು ಹೇಳಿಕೊಡುವವರೆಲ್ಲ ಟಕೀಲಾ ಎಷ್ಟು, ನಿಂಬೆರಸ ಎಷ್ಟು, ಐಸ್ ಎಷ್ಟು ಎಂದು ಪಟ್ಟಿ ಕೊಡುತ್ತಾರೆ. ಆ ಮನೆಯಲ್ಲಿ ಯಾರ್ಯಾರಿದ್ದಾರೆ, ಅಡುಗೆಮನೆಯಿಂದ ದೇವರಮನೆಗೆ ಎಷ್ಟು ಹೆಜ್ಜೆ, ಅವ್ವನ ಮಂಚ ಯಾವ ಬಾಗಿಲಿಗೆ ಮುಖ ಮಾಡಿದೆ ಎಂದು ಒಬ್ಬರೂ ಕೇಳುವುದಿಲ್ಲ. ದಾವಣಗೆರೆಯಲ್ಲಿ ಈ ಪಾನೀಯಕ್ಕೆ ಬೇಕಾದ ಸಾಮಾನುಗಳಲ್ಲಿ ಹೊಂದಿಸಲು ಕಷ್ಟವಾದದ್ದು ಮೆಕ್ಸಿಕೋದ ಟಕೀಲಾ ಅಲ್ಲ ಸ್ವಾಮಿ, ಮನೆ.

ನಮ್ಮೂರಿನ ಗಂಡಸರು ಕುಡಿಯುವುದೇ ಇಲ್ಲ ಎಂದರೆ ಅಬಕಾರಿ ಇಲಾಖೆಯವರು ನಕ್ಕಾರು. ಕುಡಿಯುತ್ತಾರೆ. ಆದರೆ ಬೈಪಾಸಿನ ಡಾಬಾದಲ್ಲಿ, ಗೆಳೆಯನ ಗೋಡೌನಿನಲ್ಲಿ, ಅಡಿಕೆ ತೋಟದ ಪಂಪ್‌ಸೆಟ್ ಮನೆಯಲ್ಲಿ. ತಿರುಗಿ ಬರುವಾಗ ಬಾಯಲ್ಲಿ ಏಲಕ್ಕಿ, ಕೈಯಲ್ಲಿ ಮಕ್ಕಳಿಗೆಂದು ಖಾರ ಮಂಡಕ್ಕಿ ಪೊಟ್ಟಣ, ಕೇಳಿದರೆ ಹೇಳಲಿಕ್ಕೆ ಯಾರದೋ ಹೆಣ್ಣು ನೋಡುವ ಶಾಸ್ತ್ರ. ಹೀಗೆ ಕದ್ದು ಕುಡಿಯುವವನಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ತೊಂಬತ್ತು ಸುರಿ, ನೀರು ಬೆರೆಸು, ಎತ್ತು, ಮುಖ ಹಿಂಡು, ಶೇಂಗಾ ಬಾಯಿಗೆ ಎಸೆ, ಮುಗಿಯಿತು. ಲೋಟದ ಅಂಚಿಗೆ ಉಪ್ಪು ಮೆತ್ತಿ, ನಿಂಬೆ ಹಿಂಡಿ, ಐಸ್ ಹಾಕಿ ಕುಲುಕಿ, ಸೋಸಿ, ಕಾಲಿರುವ ಗಾಜಿನ ಬಟ್ಟಲಿಗೆ ಬಗ್ಗಿಸುವಷ್ಟರಲ್ಲಿ ತೊಂಬತ್ತಿನವರು ಎರಡನೇ ಸುತ್ತು ಮುಗಿಸಿ ನಗರಪಾಲಿಕೆ ಚುನಾವಣೆಗೆ ಇಳಿದಿರುತ್ತಾರೆ.

ನನ್ನ ತಲೆಗೆ ಈ ಮಾರ್ಗರಿಟಾ ಕಟ್ಟಿದವನು ಅಕ್ಕನ ಮಗ. ವಿದೇಶದಿಂದ ಬರುವವರು ಎರಡು ಲೀಟರ್ ತರಬಹುದು ಎಂಬ ಸರ್ಕಾರದ ಔದಾರ್ಯವನ್ನು ಬಳಸಿಕೊಂಡು ಒಂದು ಟಕೀಲಾ ಬಾಟಲಿ ತಂದ. “ಮಾಮ, ಇದನ್ನ ನೀರು ಹಾಕ್ಕೊಂಡು ಕುಡಿದು ಮರ್ಯಾದೆ ಕಳೀಬೇಡ. ಮಾರ್ಗರಿಟಾ ಮಾಡು” ಎಂದು ಉಪದೇಶಿಸಿ ಬೆಂಗಳೂರು ಬಸ್ಸು ಹತ್ತಿದ. ಬಾಟಲಿಯನ್ನು ಬೀರುವಿನಲ್ಲಿ ಪಂಚೆಗಳ ಹಿಂದೆ ಇಟ್ಟಿದ್ದೆ. ನಮ್ಮ ಮನೆಯವರು ಅದನ್ನು ಹೊರಗೆ ತಂದು ಊಟದ ಮೇಜಿನ ಮೇಲೆ ಇಟ್ಟು ಒಂದೇ ಮಾತು ಹೇಳಿದರು: “ಮಾಡೋದಿದ್ರೆ ಅಡುಗೆಮನೇಲಿ, ಎಲ್ಲರ ಎದುರಿಗೆ ಮಾಡ್ರಿ. ಟೆರೇಸ್ ಮೇಲೆ ಹೋದ್ರೆ ಬಾಗಿಲು ಹಾಕ್ಕೊಂಡುಬಿಡ್ತೀನಿ, ಬೆಳಗಾಗೋ ತನಕ ಅಲ್ಲೇ ಇರ್ರಿ.” ಇಂಥ ಅನುಮತಿಗಿಂತ ನಿಷೇಧವೇ ಮೇಲು. ಬೈಸಿಕೊಂಡು ಕುಡಿಯಬಹುದು, ಹೆಂಡತಿ ಒಗ್ಗರಣೆ ಹಾಕುತ್ತಾ ನೋಡುತ್ತಿರುವಾಗ ಕುಡಿಯುವುದು ಹೇಗೆ?

ಸಹಾಯಕ್ಕೆ ಹರಿಹರದ ಬೀಗರನ್ನು ಕರೆಸಿದೆ. ಬೀಗರ ಜೊತೆ ಕೂತು ಕುಡಿಯುವುದು ನಮ್ಮ ಕಡೆ ಸಣ್ಣ ಮಾತಲ್ಲ. ನಾಳೆ ಮಗಳ ಮನೆಯ ಜಗಳದಲ್ಲಿ ಅದು ಸಾಕ್ಷಿಯಾಗಿ ಎದ್ದು ನಿಲ್ಲುತ್ತದೆ. ಆದರೂ ಇವರನ್ನೇ ಕರೆಯಲು ಕಾರಣವಿತ್ತು. 1941ರಲ್ಲಿ ಹರಿಹರದಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ, ಅದು ಬಾಗಿಲು ಹಾಕುವ ಮುಂಚೆ, ಹುಡುಗನಾಗಿ ಕೆಲಸ ಕಲಿತವರು ಅವರು. ಕಾರ್ಖಾನೆ ಹೋಯಿತು, ಅಳತೆಯ ಚಟ ಹೋಗಲಿಲ್ಲ. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ತಲೆ ತಟ್ಟಿ ಮಟ್ಟ ಮಾಡುವ ಮನುಷ್ಯ.

“ಡ್ರಾಯಿಂಗ್ ಎಲ್ಲೈತ್ರಿ?” ಎಂದರು ಬಂದವರೇ. ಬಾರ್‌ಟೆಂಡರುಗಳ ಅಂತಾರಾಷ್ಟ್ರೀಯ ಸಂಘದ ಲೆಕ್ಕ ತೋರಿಸಿದೆ: ಟಕೀಲಾ 50 ಮಿ.ಲೀ., ಟ್ರಿಪಲ್ ಸೆಕ್ 20 ಮಿ.ಲೀ., ಆಗ ತಾನೇ ಹಿಂಡಿದ ನಿಂಬೆರಸ 15 ಮಿ.ಲೀ. “ಅಳೆಯೋದು ಯಾತರಲ್ಲಿ?” ಕ್ವಾರ್ಟರ್ ಬಾಟಲಿಯನ್ನು ಕಣ್ಣಳತೆಯಲ್ಲೇ ಎರಡು ತೊಂಬತ್ತಾಗಿ, ಜಗಳವಿಲ್ಲದೆ ಹಂಚುವವರ ಊರಿನಲ್ಲಿ ಇಂಥ ಪ್ರಶ್ನೆ! ಕೊನೆಗೆ ಅವ್ವನ ಕೆಮ್ಮಿನ ಔಷಧಿಯ ಮುಚ್ಚಳ ಸಿಕ್ಕಿತು. ಹತ್ತು ಮಿ.ಲೀ. ಗೆರೆ ಅದರಲ್ಲಿ ಸ್ಪಷ್ಟವಾಗಿದೆ. ಟಕೀಲಾ ಐದು ಮುಚ್ಚಳ, ಟ್ರಿಪಲ್ ಸೆಕ್ ಎರಡು, ನಿಂಬೆರಸ ಒಂದೂವರೆ. ಮೆಡಿಕಲ್ ಕಾಲೇಜಿನ ಊರಿನಲ್ಲಿ ಇದಕ್ಕಿಂತ ಯೋಗ್ಯವಾದ ಸಾಧನ ಬೇಕೆ?

ನಿಂಬೆಹಣ್ಣಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಂಬ ಪಡುತ್ತೇನೆ. ಅಮೆರಿಕದವರು ಮಾರ್ಗರಿಟಾಕ್ಕೆ ಹಿಂಡುವುದು ಹೆಚ್ಚಾಗಿ ಬೀಜವಿಲ್ಲದ, ದಪ್ಪ ಸಿಪ್ಪೆಯ ಪರ್ಷಿಯನ್ ಲೈಮ್. ಮೆಕ್ಸಿಕೋದವರ ಹಳೆಯ ನಿಂಬೆ ಅದಲ್ಲ. ಚಿಕ್ಕದು, ತೆಳು ಸಿಪ್ಪೆಯದು, ಬೀಜ ತುಂಬಿದ್ದು, ಮೂಗಿಗೆ ಹೊಡೆಯುವ ಹುಳಿಯದು. ಅಂದರೆ ನಮ್ಮ ಕಾಗಜಿ ನಿಂಬೆಯ ಜಾತಿಯೇ. ಅದು ಮೂಲತಃ ಏಷ್ಯಾದ್ದು, ಸ್ಪೇನಿನವರ ಹಡಗಿನಲ್ಲಿ ಅತ್ತ ಹೋಯಿತು. ನ್ಯೂಯಾರ್ಕಿನ ದೊಡ್ಡ ಬಾರಿನವನಿಗೆ ಸುಲಭವಾಗಿ ಸಿಗದ ಅಸಲಿ ನಿಂಬೆ ಇಲ್ಲಿ ಸಂತೆಯಲ್ಲಿ ಗುಡ್ಡೆ ಲೆಕ್ಕದಲ್ಲಿ ಬಿದ್ದಿರುತ್ತದೆ. ಅದರಲ್ಲೂ ವಿಜಯಪುರ ಕಡೆಯ ಇಂಡಿ ನಿಂಬೆ ಸಿಕ್ಕಿದರಂತೂ ಮಾತೇ ಬೇಡ.

ಟ್ರಿಪಲ್ ಸೆಕ್ ಎನ್ನುವುದು ಕಿತ್ತಳೆ ಸಿಪ್ಪೆಯ ಘಮವಿರುವ ಸಿಹಿ ಮದ್ಯ, ಫ್ರಾನ್ಸಿನವರ ಹಳೆಯ ಕಸುಬು. ನಾನು ಕೇಳಿದ ಅಂಗಡಿಯ ಹುಡುಗ “ಟ್ರಿಪಲ್ ಎಕ್ಸ್ ಐತಣ್ಣ, ಸೆಕ್ ಇಲ್ಲ” ಎಂದು ರಮ್ಮಿನ ಕಡೆ ಕೈ ಮಾಡಿದ. ಅವನದೇನೂ ತಪ್ಪಿಲ್ಲ. ಸಿಗದಿದ್ದರೆ ಬೇಡ. ಕೊಡಗಿನ ಕಿತ್ತಳೆಯ ಸಿಪ್ಪೆಯನ್ನು ಬಿಳಿ ಭಾಗ ಬಾರದಂತೆ ತೆಳ್ಳಗೆ ಹೆರೆದು, ಸಕ್ಕರೆ ಜೊತೆ ಚೆನ್ನಾಗಿ ಹಿಸುಕಿ ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆಗೆ ಸಿಪ್ಪೆಯ ಎಣ್ಣೆಯನ್ನೆಲ್ಲ ಸಕ್ಕರೆ ಎಳೆದುಕೊಂಡಿರುತ್ತದೆ. ಬಿಸಿನೀರು ಸ್ವಲ್ಪ ಹಾಕಿ ಕರಗಿಸಿ ಸೋಸಿಕೊಳ್ಳಿ. ಎರಡು ಮುಚ್ಚಳದ ಬದಲು ಒಂದೇ ಸಾಕು, ಇಲ್ಲದಿದ್ದರೆ ಬೀಗರಿಗೆ ಕೊಡುವ ಪಾನಕವಾದೀತು. ಈ ಕೆಲಸವನ್ನು ನಮ್ಮ ಮನೆಯವರು ಬಹಳ ಉತ್ಸಾಹದಿಂದ ಮಾಡಿದರು. ಅವರ ಪ್ರಕಾರ ಅದು ಕೇಕಿಗೆ.

ಇನ್ನು ಟಕೀಲಾ. ಬೀಗರು ಬಾಟಲಿ ತಿರುಗಿಸಿ ಚಿತ್ರ ನೋಡಿ, “ಇದು ನಮ್ಮ ಕತ್ತಾಳಿ ಅಲ್ಲೇನ್ರಿ?” ಎಂದರು. ಹತ್ತಿರದ ನೆಂಟ. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ರೈಲಿನಲ್ಲಿ ಹೋದರೆ ಹಳಿಯ ಪಕ್ಕ, ಹೊಲದ ಬದುವಿನಲ್ಲಿ ಮುಳ್ಳಿನ ಕತ್ತಿಗಳನ್ನು ಎತ್ತಿ ನಿಂತಿರುತ್ತದಲ್ಲ, ಅದೇ ವಂಶ. ನಾವು ಅದನ್ನು ದನ ನುಗ್ಗದಂತೆ ಬೇಲಿಗೆ ನೆಟ್ಟೆವು, ನಾರು ತೆಗೆದು ಹಗ್ಗ ಹೊಸೆದೆವು. ಮೆಕ್ಸಿಕೋದವರು ಅದರ ಅಣ್ಣತಮ್ಮನಾದ ನೀಲಿ ಅಗಾವೆಯನ್ನು ಆರೇಳು ವರ್ಷ ಬೆಳೆಸಿ, ಎಲೆ ಕಡಿದು, ಗಡ್ಡೆ ಬೇಯಿಸಿ, ರಸ ಹುಳಿ ಬರಿಸಿ ಭಟ್ಟಿ ಇಳಿಸಿದರು. 1974ರಲ್ಲಿ ಆ ಹೆಸರಿಗೂ ಬೇಲಿ ಹಾಕಿಕೊಂಡರು: ಹಲಿಸ್ಕೋ ರಾಜ್ಯ ಮತ್ತು ಗೊತ್ತುಮಾಡಿದ ಇನ್ನೊಂದಿಷ್ಟು ಕಡೆ ಮಾಡಿದ್ದು ಮಾತ್ರ ಟಕೀಲಾ.

ಡೆಸ್ಮಂಡ್ ನಜರೆತ್ ಎಂಬುವರು ಇದೇ ದಖ್ಖನ್ ಪ್ರಸ್ಥಭೂಮಿಯ ಕತ್ತಾಳೆಯಿಂದ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಮದ್ಯ ತೆಗೆದು 2011ರ ಹೊತ್ತಿಗೆ ಮಾರಾಟಕ್ಕೆ ತಂದರು. ಟಕೀಲಾ ಎಂದು ಬರೆಯುವಂತಿಲ್ಲವಾದ್ದರಿಂದ ಅಗಾವೆ ಎಂದೇ ಬಾಟಲಿಗೆ ಹಾಕಿದರು. ಈ ಕಥೆ ಕೇಳಿದ ಬೀಗರ ಕಣ್ಣು ಮಿನುಗಿತು. ಅವರ ಹೊಲದ ಬದುವಿನ ತುಂಬ ಕತ್ತಾಳೆಯೇ. ಮಚ್ಚು ಹಿಡಿದು ಹೊರಡುವವರಿಗೆ ಎಚ್ಚರಿಕೆ: ಹಸಿ ರಸ ಮೈಗೆ ತಾಗಿದರೆ ಕೆರೆದುಕೊಂಡು ಸಾಯಬೇಕು, ಮನೆಯಲ್ಲಿ ಭಟ್ಟಿ ಇಳಿಸಿದರೆ ಪೊಲೀಸರು ಬಂದು ಕೆರೆಯುತ್ತಾರೆ. ನಮ್ಮೂರಿಗೆ ಮಂಡಕ್ಕಿ ಭಟ್ಟಿಯೇ ಸಾಕು.

ಈ ಪಾನೀಯವನ್ನು ಮೊದಲು ಮಾಡಿದ್ದು ಯಾರು ಎಂದು ಬೀಗರು ಕೇಳಿದರು. ದಾವಣಗೆರೆಯಲ್ಲಿ ಅಸಲಿ ಬೆಣ್ಣೆ ದೋಸೆಯ ಬೋರ್ಡು ಎಷ್ಟಿವೆಯೋ ಮಾರ್ಗರಿಟಾಕ್ಕೂ ಅಷ್ಟು ಜನ ಹಕ್ಕುದಾರರು. 1938ರಲ್ಲಿ ಟಿಹುವಾನಾ ಹತ್ತಿರ ನಾನೇ ಮಾಡಿದೆ ಎಂದು ಕಾರ್ಲೋಸ್ ಹೆರೆರಾ. 1948ರಲ್ಲಿ ಅಕಪುಲ್ಕೋದ ನನ್ನ ಮನೆಯ ಪಾರ್ಟಿಯಲ್ಲಿ ಹುಟ್ಟಿತು ಎಂದು ಮಾರ್ಗರೀಟಾ ಸೇಮ್ಸ್. 1953ರ ಡಿಸೆಂಬರಿನ ಎಸ್ಕ್ವೈರ್ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅಂತೂ ಊರೆಲ್ಲ ಆಯಿತು. ನನ್ನ ಮೆಚ್ಚಿನವರು ಇವರಾರೂ ಅಲ್ಲ, ಡಲಾಸ್ ನಗರದ ಮರಿಯಾನೋ ಮಾರ್ಟಿನೆಜ್. ಗಿರಾಕಿಗಳಿಗೆ ಒಂದೇ ರುಚಿಯಲ್ಲಿ ಮಾಡಿಕೊಡಲಾಗದೆ ಬೇಸತ್ತು, 1971ರಲ್ಲಿ ಐಸ್‌ಕ್ರೀಂ ಯಂತ್ರವನ್ನೇ ಮಾರ್ಪಡಿಸಿ ಅದರಲ್ಲಿ ಮಾರ್ಗರಿಟಾ ಹರಿಸಿದ ಮಹಾನುಭಾವ. ಆ ಯಂತ್ರ ಈಗ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಇದನ್ನು ಕೇಳಿ ಬೀಗರು ನಮ್ಮ ಮಿಕ್ಸಿ ಕಡೆ ನೋಡಿದರು. ನಮ್ಮ ಮನೆಯವರು ಮಿಕ್ಸಿಯ ಪ್ಲಗ್ ಕಿತ್ತರು.

ಶೇಕರ್ ಇರಲಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಶೇಕರ್, ಚಹಾ ಸೋಸುವ ಜರಡಿಯೇ ಜರಡಿ (ಚಹಾದ ವಾಸನೆ ಹೋಗುವಂತೆ ತೊಳೆಯಿರಿ, ದಯವಿಟ್ಟು). ಡಬ್ಬಿಯ ಮುಕ್ಕಾಲು ಐಸ್ ಇರಬೇಕು. ಐಸ್ ಕಡಿಮೆ ಹಾಕಿದರೆ ಬೇಗ ಕರಗಿ ನೀರಾಗುತ್ತದೆ. ಜಾಸ್ತಿ ಹಾಕಿದರೆ ತಾನು ನಿಧಾನ ಕರಗಿ ಮದ್ಯವನ್ನು ಬೇಗ ತಣಿಸುತ್ತದೆ. ಜುಗ್ಗತನ ಇಲ್ಲಿ ನಡೆಯದು. ಹದಿನೈದು ಸೆಕೆಂಡು ಜೋರಾಗಿ ಕುಲುಕಿ, ಡಬ್ಬಿಯ ಮೈಗೆ ಮಂಜು ಹಿಡಿದರೆ ಮುಗಿಯಿತು. ಆ ಹದಿನೈದು ಸೆಕೆಂಡಿನ ಸದ್ದಿಗೆ ಪಿ.ಜೆ. ಬಡಾವಣೆಯ ನಮ್ಮ ಬೀದಿಯ ನಾಯಿಗಳು ಎದ್ದವು, ಎದುರು ಮನೆಯ ದೀಪ ಹತ್ತಿತು. ಕದ್ದು ಕುಡಿಯುವವರಿಗೆ ಹೇಳಿ ಮಾಡಿಸಿದ ಪಾನೀಯ ಇದಲ್ಲವೇ ಅಲ್ಲ.

ಉಪ್ಪಿಗೆ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ಪ್ಯಾಕೆಟ್ಟಿನ ಪುಡಿ ಉಪ್ಪು ಬೇಡ, ನಾಲಿಗೆಗೆ ಒರಟಾಗಿ ಹೊಡೆಯುತ್ತದೆ. ಕಲ್ಲುಪ್ಪನ್ನು ತರಿತರಿಯಾಗಿ ಕುಟ್ಟಿ ತಟ್ಟೆಯಲ್ಲಿ ಹರಡಿ, ಬಟ್ಟಲಿನ ಅಂಚಿಗೆ ನಿಂಬೆ ಹೋಳು ಸವರಿ, ಅಂಚನ್ನು ಅದರಲ್ಲಿ ಒತ್ತಿ. ಅರ್ಧ ಸುತ್ತು ಸಾಕು; ಉಪ್ಪು ಬೇಡವೆನಿಸಿದಾಗ ಬಟ್ಟಲು ತಿರುಗಿಸಿದರಾಯಿತು. ಉಪ್ಪು ಕಹಿಯನ್ನು ಅಡಗಿಸುತ್ತದೆ ಎಂದು ಯಾವ ಪ್ರಯೋಗಾಲಯವೂ ನಮಗೆ ಹೇಳಬೇಕಾಗಿಲ್ಲ. ಹೈಸ್ಕೂಲಿನ ಗೇಟಿನೆದುರು ಪೇರಲ ಹಣ್ಣಿಗೆ ಉಪ್ಪುಖಾರ ಹಚ್ಚಿಸಿಕೊಂಡು ತಿಂದವರು ನಾವು. ಬೇಕಾದರೆ ಬ್ಯಾಡಗಿ ಮೆಣಸಿನ ಪುಡಿಯನ್ನೂ ಒಂದು ಚಿಟಿಕೆ ಸೇರಿಸಿ.

ಬೀಗರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. “ಕೂಡಿಸೋದು ಹೆಂಗಂತ ನಮ್ಮೂರಿಗೆ ಹೇಳಿಕೊಡಬ್ಯಾಡ್ರಿ. ಹರಿ ಒಂದು ಕಡೆ, ಹರ ಒಂದು ಕಡೆ, ಮೂರ್ತಿ ಒಂದೇ. ಆ ಗುಡಿ ಕಟ್ಟಿಸಿದ್ದು 1224ರಾಗ, ಹೊಯ್ಸಳರ ಕಾಲದಾಗ...” ಅಷ್ಟರಲ್ಲಿ ಒಳಗಿನಿಂದ ಅವ್ವನ ದನಿ: “ಅದನ್ನ ಕುಡ್ಕಂತ ದೇವರ ಸುದ್ದಿ ಎತ್ತಬ್ಯಾಡ್ರಪ್ಪ, ಮೊದಲು ಲೋಟ ಕೆಳಗಿಡ್ರಿ.” ಇಬ್ಬರೂ ಇಟ್ಟೆವು.

ಅವ್ವನಿಗೂ ಒಂದು ಮಾಡಿಕೊಟ್ಟೆವು, ಟಕೀಲಾ ಇಲ್ಲದ್ದು: ನಿಂಬೆರಸ ಮೂರು ಮುಚ್ಚಳ, ಕಿತ್ತಳೆ ಸಕ್ಕರೆಪಾಕ ಎರಡು, ಮೇಲೆ ತಣ್ಣಗಿನ ಸೋಡಾ, ಅಂಚಿಗೆ ಉಪ್ಪು. ಅವ್ವ ಬಟ್ಟಲನ್ನು ದೀಪಕ್ಕೆ ಹಿಡಿದು ಸುತ್ತ ತಿರುಗಿಸಿ ನೋಡಿದಳು. “ನಿಂಬಿಹಣ್ಣಿನ ಶರಬತ್ತು. ಉಪ್ಪು ಒಳಗೆ ಹಾಕೋದು ಬಿಟ್ಟು ಹೊರಗೆ ಮೆತ್ತೀರಿ. ಇಷ್ಟಕ್ಕೆ ಇಬ್ಬರು ಗಂಡಸರು ಬೇಕಾದ್ರೇನು?” ಎಂದಳು. ಕುಡಿದು, ಇನ್ನೊಂದು ಕೇಳಿದಳು. ನಮ್ಮ ಮನೆಯವರೂ ಅದನ್ನೇ ಕುಡಿದು, ಮಂಡಕ್ಕಿಗೆ ಮೆಣಸಿನಕಾಯಿ ಬಜ್ಜಿ ಕರಿಯಲು ಬಾಣಲೆ ಇಟ್ಟರು. ಡಾಬಾದಲ್ಲಿ ಕೂತು ಇಷ್ಟು ವರ್ಷ ಏನು ಕಳೆದುಕೊಂಡೆವು ಎಂಬ ಲೆಕ್ಕ ಆ ಬಜ್ಜಿಯ ಮುಂದೆ ಕೂತಾಗ ಗೊತ್ತಾಯಿತು.

ಹರಿಹರ ಹದಿನಾಲ್ಕು ಕಿಲೋಮೀಟರೇ. ಆದರೂ ಬೀಗರ ಬೈಕಿನ ಕೀಲಿ ನಮ್ಮ ಮನೆಯವರ ಸೊಂಟಕ್ಕೆ ಹೋಯಿತು, ಬೀಗರಿಗೆ ಚಾಪೆ ಬಂತು. ರಾತ್ರಿ ಹತ್ತಕ್ಕೆ ಬೀಗಿತ್ತಿಯ ಫೋನು. ನಾವೆಲ್ಲ ಉಸಿರು ಬಿಗಿಹಿಡಿದೆವು.

“ಏನೂ ಇಲ್ಲ ಕಣೇ, ಬೀಗರ ಮನ್ಯಾಗ ನಿಂಬಿಹಣ್ಣಿನ ಶರಬತ್ತು ಕುಡಿದೆ, ಲೇಟಾತು” ಎಂದರು ಬೀಗರು, ಒಂದೊಂದು ಅಕ್ಷರವನ್ನೂ ಅಳೆದು.

ಫೋನಿನ ಆ ಕಡೆಯಿಂದ ಕೇಳಿದ ಮಾತು ಇಷ್ಟು: “ಶರಬತ್ತಿನ ಬಾಟ್ಲಿ ಉಳಿದಿದ್ರೆ ಅಲ್ಲೇ ಬಿಟ್ಟು ಬರ್ರಿ. ಆ ಕಿತ್ತಳಿ ಸಕ್ಕರಿ ಮಾಡೋದು ಹೆಂಗಂತ ಬೀಗಿತ್ತೀರನ್ನ ಕೇಳ್ಕೊಂಡು ಬರ್ರಿ. ಆಗ್ಲೇ ಫೋಟೋ ಕಳಿಸ್ಯಾರ.”