ಹಾರ್ಲಿಕ್ಸ್ ಸಾಕು, ಪತ್ತೇದಾರ ಬೇಕು

ಮನೆಗೆ ಕಷ್ಟ ಬಂದರೆ ಅದರ ಬೆನ್ನಿಗೇ ನೆಂಟರೂ ಬರುತ್ತಾರೆ. ಕಷ್ಟ ಹೇಳದೆ ಕೇಳದೆ ಬರುತ್ತದೆ, ನೆಂಟರು ಫೋನ್ ಮಾಡಿ ಬರುತ್ತಾರೆ, ಅಷ್ಟೇ ವ್ಯತ್ಯಾಸ. ಕೈಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ, ಅರ್ಧ ಡಜನ್ ಮೂಸಂಬಿ, ಮುಖದ ಮೇಲೆ ದಾರಿಯಲ್ಲೇ ತಯಾರಾದ ಸಂಕಟ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು ಅಂದರೆ ವಿಚಾರಣೆ ಶುರು. "ಏನಾಯ್ತು? ಹೇಗಾಯ್ತು? ಮೊದಲೇ ಗೊತ್ತಾಗಲಿಲ್ವಾ?" ರೋಗಿ ಪಾಪ ಬೆಳಗಿನಿಂದ ಬಂದವರಿಗೆಲ್ಲ ಹೇಳಿದ್ದನ್ನೇ ಮತ್ತೆ ಮೊದಲಿನಿಂದ ಹೇಳಿ ಮುಗಿಸುವಷ್ಟರಲ್ಲಿ ಅವರು ತಮ್ಮ ಕಥೆ ತೆಗೆಯುತ್ತಾರೆ. "ನಮ್ಮ ಷಡ್ಡಕರಿಗೂ ಸೇಮ್ ಹೀಗೇ ಆಗಿತ್ತು ನೋಡಿ. ನಗ್ತಾ ನಗ್ತಾನೇ ಇದ್ರು, ಎದ್ದು ಕೂತ್ರು, ಕಾಫಿ ಕುಡಿದ್ರು..." ಇಲ್ಲೊಂದು ನಿಟ್ಟುಸಿರು. "ಹೋಗ್ಲಿ ಬಿಡಿ, ಅದೆಲ್ಲ ಈಗ್ಯಾಕೆ. ನೀವು ಧೈರ್ಯವಾಗಿರಿ."

ಧೈರ್ಯವಂತೆ! ಕಾಫಿ ಕುಡಿದ ಮೇಲೆ ಷಡ್ಡಕರಿಗೆ ಏನಾಯಿತು ಎನ್ನುವುದನ್ನು ಹೇಳದೆ ಅವರು ಎದ್ದು ಹೋದರು. ಅಲ್ಲಿಂದಾಚೆ ಆ ರೋಗಿಗೆ ಕಾಫಿ ಲೋಟ ಕಂಡರೆ ಎದೆ ಢವಢವ.

ಪುಸ್ತಕಕ್ಕೆ ಈ ಕೆಟ್ಟ ಅಭ್ಯಾಸ ಇಲ್ಲ ನೋಡಿ. ನಿಮ್ಮ ಶುಗರ್ ಎಷ್ಟು, ಸಾಲ ಎಷ್ಟು, ಮಗಳ ಸಂಬಂಧ ಯಾಕೆ ಮುರಿಯಿತು, ಯಾವುದನ್ನೂ ಕೇಳುವುದಿಲ್ಲ. ನಿಮ್ಮ ಕಷ್ಟ ಅದಕ್ಕೆ ಗೊತ್ತೇ ಇಲ್ಲ. ಗೊತ್ತಿಲ್ಲದ್ದರಿಂದಲೇ ಅದರ ಜೊತೆ ಆರಾಮಾಗಿ ಇರಬಹುದು. ಕಷ್ಟಕಾಲದಲ್ಲಿ ಪುಸ್ತಕ ಜ್ಞಾನ ಕೊಡುತ್ತದೆ, ದಾರಿ ತೋರಿಸುತ್ತದೆ ಎಂದೆಲ್ಲ ಗ್ರಂಥಾಲಯ ಸಪ್ತಾಹದಲ್ಲಿ ಭಾಷಣ ಮಾಡುತ್ತಾರಲ್ಲ, ಮಾಡಲಿ ಬಿಡಿ. ನನ್ನ ಪ್ರಕಾರ ಅದು ಮಾಡುವ ದೊಡ್ಡ ಉಪಕಾರ ಒಂದೇ: ನಮ್ಮನ್ನು ವಿಚಾರಿಸಿಕೊಳ್ಳದೆ ಇರುವುದು.

ಇದು ನನಗೆ ಹೊಳೆದದ್ದು ನಮ್ಮ ಚಿಕ್ಕಪ್ಪನ ದೆಸೆಯಿಂದ. ಚಿಕ್ಕಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿ ನಿವೃತ್ತರಾದವರು. ಎದೆನೋವು ಬಂದು ಆಸ್ಪತ್ರೆ ಸೇರಿದರು. ನೋಡಲು ಬಂದ ಹಳೇ ಶಿಷ್ಯರು ಮೇಷ್ಟರಿಗೆ ತಕ್ಕ ಉಡುಗೊರೆ ಇದೇ ಎಂದು ಒಬ್ಬರಾದ ಮೇಲೆ ಒಬ್ಬರು ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ' ತಂದರು. ಮಂಚದ ಪಕ್ಕದ ಡಬ್ಬದ ಮೇಲೆ ಮೂರು ಪ್ರತಿ. ಒಂದರಲ್ಲಿ 945 ಪದ್ಯ. ಮೂರೂ ಸೇರಿ 2,835 ಪದ್ಯಗಳ ಸಾಂತ್ವನ, ಒಂದೇ ಒಂದು ದುರ್ಬಲ ಹೃದಯದ ಮೇಲೆ. ಅದರಲ್ಲೂ ಅವರು ಮೂವತ್ತು ವರ್ಷ ಅದನ್ನೇ ಪಾಠ ಮಾಡಿದವರು. ದಿನವಿಡೀ ಮೈಸೂರುಪಾಕು ಕೊಯ್ಯುವ ಭಟ್ಟರ ಮನೆಗೆ ಮೈಸೂರುಪಾಕಿನ ಪೊಟ್ಟಣ ಹಿಡಿದು ಹೋದ ಹಾಗಾಯಿತು.

ಎಲ್ಲರೂ ಹೋದ ಮೇಲೆ ಚಿಕ್ಕಪ್ಪ ನನ್ನನ್ನು ಹತ್ತಿರ ಕರೆದರು. ಆಸ್ತಿ ವಿಷಯ ಇರಬೇಕು ಎಂದು ನಾನೂ ಗಂಭೀರವಾಗಿ ಬಗ್ಗಿದೆ. "ಲೋ, ಎನ್. ನರಸಿಂಹಯ್ಯನವರದ್ದು ಯಾವುದಾದ್ರೂ ಸಿಗುತ್ತೇನೋ ನೋಡು. ಪುರುಷೋತ್ತಮ ಇರೋದು. ಚಿಕ್ಕಮ್ಮಂಗೆ ಹೇಳ್ಬೇಡ."

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ನರಸಿಂಹಯ್ಯನವರು ಹೆಚ್ಚು ಶಾಲೆ ಕಂಡವರಲ್ಲ, ಬರೆದದ್ದು ಮಾತ್ರ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿಯೇ ಒಂದು ಇಡೀ ತಲೆಮಾರು ಕನ್ನಡವನ್ನು ಸರಾಗವಾಗಿ ಓದಲು ಕಲಿಯಿತು. ವಿಮರ್ಶಕರು ಅತ್ತ ತಿರುಗಿಯೂ ನೋಡಲಿಲ್ಲ. ಮೇಷ್ಟ್ರುಗಳು ಮಾತ್ರ ನೋಡಿದರು, ಹುಡುಗರ ಡೆಸ್ಕಿನೊಳಗೆ ಕೈ ಹಾಕಿ ಕಿತ್ತುಕೊಂಡರು. ನಮ್ಮ ಚಿಕ್ಕಪ್ಪನಂತೂ ಆ ಕೆಲಸದಲ್ಲಿ ಎತ್ತಿದ ಕೈ. ಕಿತ್ತುಕೊಂಡ ಪುಸ್ತಕಗಳೆಲ್ಲ ಎಲ್ಲಿಗೆ ಹೋದವು ಎಂಬ ರಹಸ್ಯ, ಯಾವ ಪುರುಷೋತ್ತಮನ ನೆರವೂ ಇಲ್ಲದೆ, ಅವತ್ತು ಆಸ್ಪತ್ರೆಯಲ್ಲಿ ಬಯಲಾಯಿತು.

ಭಾನುವಾರ ಅವೆನ್ಯೂ ರಸ್ತೆಗೆ ಹೋಗಿ ಹಳೇ ಪುಸ್ತಕದ ರಾಶಿ ಕೆದಕಿ, ರಟ್ಟು ಹೋದ ಎರಡನ್ನು ಹುಡುಕಿ ತಂದೆ. ರಾತ್ರಿ ಬಿ.ಪಿ. ನೋಡಲು ಬಂದ ನರ್ಸಮ್ಮ, "ಅಜ್ಜಾ, ಕೊಲೆ ಗಿಲೆ ಎಲ್ಲ ಓದಬಾರದು, ಗಾಬರಿ ಆಗುತ್ತೆ" ಅಂದಳು. ಚಿಕ್ಕಪ್ಪ ಕನ್ನಡಕ ಕೆಳಗಿಳಿಸಿ, "ಕೊಲೆಗಾರ ಸಿಗೋವರೆಗೂ ನಾನು ಎಲ್ಲಿಗೂ ಹೋಗಲ್ಲಮ್ಮ, ನೀನು ನಿಶ್ಚಿಂತೆಯಾಗಿರು" ಅಂದರು. ವಾರ್ಡಿನಲ್ಲಿ ಅವತ್ತು ಧೈರ್ಯ ಹೇಳಿದವರು ಅವರೊಬ್ಬರೇ.

ಇದು ಚಿಕ್ಕಪ್ಪನೊಬ್ಬರ ಚಪಲ ಅಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ತಮ್ಮ ಸೈನಿಕರಿಗಾಗಿ ಅಂಗಿ ಜೇಬಿಗೆ ಹಿಡಿಸುವ ಪುಟ್ಟ ಪುಸ್ತಕಗಳನ್ನು 1943ರಲ್ಲಿ ಅಚ್ಚು ಹಾಕಲು ಶುರು ಮಾಡಿ, 1947ರ ಹೊತ್ತಿಗೆ 12 ಕೋಟಿಗೂ ಹೆಚ್ಚು ಪ್ರತಿ ಹಂಚಿದರು. ಅದರಲ್ಲಿ ಘನವಾದ ಗ್ರಂಥಗಳೂ ಇದ್ದವು, ಇಲ್ಲವೆನ್ನುವುದಿಲ್ಲ. ಅವುಗಳ ಪಕ್ಕದಲ್ಲೇ ಕೌಬಾಯ್ ಕಥೆ, ಪತ್ತೇದಾರಿ, ತಮಾಷೆ ಪುಸ್ತಕಗಳೂ ದಂಡಿಯಾಗಿದ್ದವು. ತಲೆ ಮೇಲೆ ಗುಂಡು ಹಾರುತ್ತಿರುವವನಿಗೆ 'ಶೌರ್ಯವೆಂದರೇನು' ಎಂಬ ಪ್ರಬಂಧ ಕೊಡಬಾರದು ಎಂಬಷ್ಟು ತಿಳಿವಳಿಕೆ ಅವರಿಗಿತ್ತು.

ಅದೇ 1943ರಲ್ಲೇ ನಮ್ಮ ಕಗ್ಗವೂ ಬಂತು. ಕಗ್ಗವನ್ನು ನಾನು ಹಳಿಯುತ್ತಿದ್ದೇನೆ ಎಂದು ಯಾರೂ ಕೋಲು ಹಿಡಿದು ಬರಬೇಡಿ. ಡಿ.ವಿ.ಜಿ.ಯವರ ಹೆಂಡತಿ ತೀರಿಕೊಂಡದ್ದು 1924ರಲ್ಲಿ. ಮತ್ತೆ ಮದುವೆಯ ಮಾತೆತ್ತದೆ ಮಕ್ಕಳನ್ನು ಬೆಳೆಸಿದವರು ಅವರು. ಬದುಕಿನ ಬಗ್ಗೆ ಸಮಾಧಾನದ ಮಾತಾಡುವ ಹಕ್ಕನ್ನು ಸಂಪಾದಿಸಿಕೊಂಡಿದ್ದರು. ನನ್ನ ತಕರಾರು ಕಗ್ಗದ ಪದ್ಯಗಳನ್ನು ಬೆಳಗಿನ ಐದೂವರೆಗೆ ಗುಲಾಬಿ ಹೂವಿನ ಚಿತ್ರದ ಮೇಲೆ ಅಂಟಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರ ಮೇಲೆ. ಅವರು ಸಂಪಾದಿಸಿರುವುದು ಡೇಟಾ ಪ್ಯಾಕ್ ಒಂದೇ.

ಕನ್ನಡಿಗರ ಭಾಗ್ಯ ಏನೆಂದರೆ ನಮ್ಮ ಮನೆಮದ್ದಿನ ಪೆಟ್ಟಿಗೆಯಲ್ಲಿ ಇಬ್ಬರು ತಿಮ್ಮಂದಿರಿದ್ದಾರೆ. ಒಬ್ಬ ಮಂಕುತಿಮ್ಮ, ಇನ್ನೊಬ್ಬ ಬೀಚಿಯವರ ತಿಮ್ಮ. ಯಾವಾಗ ಯಾರನ್ನು ಕರೆಯಬೇಕು ಎನ್ನುವುದರಲ್ಲೇ ಇರುವುದು ಜಾಣತನ. ಸ್ನಾನ ಮುಗಿಸಿ, ಹಣೆಗಿಟ್ಟುಕೊಂಡು, ಹೊಟ್ಟೆ ತಣ್ಣಗಿರುವ ಹೊತ್ತಿನಲ್ಲಿ ಮಂಕುತಿಮ್ಮ ಸರಿ. ರಾತ್ರಿ ಎರಡು ಗಂಟೆಗೆ, ಬ್ಯಾಂಕಿನ ನೋಟೀಸು ತಲೆದಿಂಬಿನ ಕೆಳಗೆ ಚುಚ್ಚುತ್ತಿರುವಾಗ, ಬೀಚಿಯವರ ತಿಮ್ಮನೇ ಆಗಬೇಕು. ಈ ತಿಮ್ಮ ನಿಮಗೆ ಏನನ್ನೂ ಬೋಧಿಸುವುದಿಲ್ಲ, ನಿಮಗಿಂತ ಪೆದ್ದನಾಗಿ ಎದುರಿಗೆ ನಿಲ್ಲುತ್ತಾನೆ. ಕಷ್ಟದಲ್ಲಿರುವವನಿಗೆ ತನಗಿಂತ ಪೆದ್ದನೊಬ್ಬ ಸಿಕ್ಕರೆ ಎಷ್ಟು ಸುಖ ಅನ್ನುತ್ತೀರಿ! ಅವನನ್ನು ಸೃಷ್ಟಿಸಿದ ಬೀಚಿಯವರೂ ಬೆಣ್ಣೆ ತಿಂದು ಬೆಳೆದವರಲ್ಲ. ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡರು, ಪೊಲೀಸ್ ಇಲಾಖೆಯಲ್ಲಿ ಫೈಲು ಹೊತ್ತರು. ಕೊನೆಗೆ ಆತ್ಮಕಥೆಗೆ ಹೆಸರಿಡುವಾಗಲೂ ಅಳಲಿಲ್ಲ, 'ನನ್ನ ಭಯಾಗ್ರಫಿ' ಎಂದಿಟ್ಟು ಕೈ ತೊಳೆದುಕೊಂಡರು.

ಇನ್ನು 'ಕೊರವಂಜಿ'. ಹಾಸ್ಯಪತ್ರಿಕೆ ಶುರು ಮಾಡುವುದಕ್ಕೆ 1942ಕ್ಕಿಂತ ಕೆಟ್ಟ ವರ್ಷ ಹುಡುಕಿದರೂ ಸಿಗುವುದಿಲ್ಲ. ಅತ್ತ ಯುದ್ಧ, ಇತ್ತ ಕ್ವಿಟ್ ಇಂಡಿಯಾ, ಅಂಗಡಿಯಲ್ಲಿ ಅಕ್ಕಿಗೆ ತತ್ವಾರ, ಕಾಗದಕ್ಕೆ ಬರ. ಅಂಥದ್ದರಲ್ಲಿ ಬೆಂಗಳೂರಿನ ಡಾಕ್ಟರೊಬ್ಬರು, ಎಂ. ಶಿವರಾಂ, ಅಂದರೆ ನಮ್ಮ 'ರಾಶಿ', ಜನ ನಗಲಿ ಎಂದು ಪತ್ರಿಕೆ ತೆಗೆದರು. ತೆಗೆದವರು ಎರಡು ಸಂಚಿಕೆಗೆ ಬಾಗಿಲು ಹಾಕಿ ಮರ್ಯಾದೆ ಉಳಿಸಿಕೊಂಡರೇ? ಇಲ್ಲ, 1967ರವರೆಗೆ ಇಪ್ಪತ್ತೈದು ವರ್ಷ ನಡೆಸಿದರು. ನಾ. ಕಸ್ತೂರಿ ಬರೆದರು, ಟಿ. ಸುನಂದಮ್ಮ ಬರೆದರು, ಆರ್.ಕೆ. ಲಕ್ಷ್ಮಣ್ ಇನ್ನೂ ಎಳೆಯರಾಗಿದ್ದಾಗ ಅದಕ್ಕೆ ಚಿತ್ರ ಬರೆದರು. ಹಗಲು ಹೊತ್ತು ರೋಗಿಗಳ ನಾಡಿ ಹಿಡಿದ ಕೈಯೇ ರಾತ್ರಿ ನಗೆಬರಹ ಬರೆಯಿತು ಎನ್ನುವುದು ನನಗೆ ಆಶ್ಚರ್ಯವಲ್ಲ. ಡಾಕ್ಟರ ಕೈಬರಹ ನೋಡಿ ಮೊಳೆ ಜೋಡಿಸಿದರಲ್ಲ ಆ ಕಾಲದ ಕಂಪೋಸಿಟರು, ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಗಂಡಸರ ಕಥೆಯೇ ಆಯಿತು. ನಮ್ಮಜ್ಜಿಯ ವಿಷಯಕ್ಕೆ ಬರೋಣ. ಊಟವಾಗಿ, ಒಲೆ ಸಾರಿಸಿ, ಎಲ್ಲರೂ ಹೊರಳಿಕೊಂಡ ಮೇಲೆ, ಎರಡರಿಂದ ನಾಲ್ಕರವರೆಗಿನ ಸಮಯ ಅಜ್ಜಿಯದು. ನಡುಮನೆಯ ತಣ್ಣನೆಯ ರೆಡ್ ಆಕ್ಸೈಡ್ ನೆಲ, ತಲೆಗೆ ಮಣೆ, ಕೈಯಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದ ಕಾದಂಬರಿ. ಒಂದು ದಿನ ತಡವಾದರೆ ಬಾಡಿಗೆ ಏರುತ್ತದೆ, ಆದ್ದರಿಂದ ಅಜ್ಜಿ ಓದುವ ವೇಗ ಎಕ್ಸ್‌ಪ್ರೆಸ್ ಬಸ್ಸಿನದು. ತ್ರಿವೇಣಿಯವರ 'ಶರಪಂಜರ' ಓದುವಾಗ ಮಾತ್ರ ನಿಲ್ದಾಣಕ್ಕೊಂದು ಸಲ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. "ನೋಡ್ರೋ, ಕಥೆ ಓದ್ಕೊಂಡು ಅಳ್ತಾವ್ಳೆ" ಎಂದು ತಾತ ನಗುತ್ತಿದ್ದ, ನಾವೂ ನಗುತ್ತಿದ್ದೆವು.

ಅಜ್ಜಿ ಅಳುತ್ತಿದ್ದದ್ದು ಪೂರ್ತಿ ಕಥೆಯ ನಾಯಕಿ ಕಾವೇರಿಗಾಗಿಯೇ? ಯಾರಿಗೆ ಗೊತ್ತು. ಒಟ್ಟು ಕುಟುಂಬದ ಮನೆಯಲ್ಲಿ ಸುಮ್ಮನೆ ಕೂತು ಅತ್ತರೆ ಹತ್ತು ಜನ ಕಾರಣ ಕೇಳುತ್ತಾರೆ, ಹನ್ನೊಂದನೆಯವರು ಆ ಕಾರಣ ತಾವೇ ಎಂದು ಜಗಳಕ್ಕೆ ನಿಲ್ಲುತ್ತಾರೆ. ಕಾದಂಬರಿ ಕೈಯಲ್ಲಿದ್ದರೆ ಯಾರೂ ಕೇಳುವುದಿಲ್ಲ. ಈರುಳ್ಳಿಯನ್ನು ಬಿಟ್ಟರೆ ಆ ಸವಲತ್ತು ಇದ್ದದ್ದು ತ್ರಿವೇಣಿಯವರ ಹತ್ತಿರ ಮಾತ್ರ. ಆಮೇಲೆ ಎಂ.ಕೆ. ಇಂದಿರಾ ಬಂದರು. ನಲವತ್ತೈದು ದಾಟಿದ ಗೃಹಿಣಿ 1963ರಲ್ಲಿ ತನ್ನ ಮೊದಲ ಕಾದಂಬರಿ 'ತುಂಗಭದ್ರ' ಪ್ರಕಟಿಸಿದರು ಎಂದು ತಿಳಿದ ಮೇಲೆ ಅಜ್ಜಿ ಸ್ವಲ್ಪ ದಿನ ತಾತನನ್ನು ನೋಡುವ ರೀತಿಯೇ ಬೇರೆಯಾಯಿತು. ತಾತ ನಗುವುದನ್ನು ಕಡಿಮೆ ಮಾಡಿದ. ಎಲ್ಲಿ ತನ್ನನ್ನೂ ಬರೆದುಬಿಡುತ್ತಾಳೋ ಎಂಬ ಭಯ.

ದುಡ್ಡು ಕೊಟ್ಟು ಪುಸ್ತಕ ಕೊಳ್ಳುವ ಮನೆಯಲ್ಲ ನಮ್ಮದು. ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ಬಿಡಿಸಿ, ದಬ್ಬಣದಿಂದ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಅಮ್ಮ 'ಬೈಂಡು' ಮಾಡುತ್ತಿದ್ದಳು. ಆ ಪುಸ್ತಕಗಳ ರುಚಿಯೇ ರುಚಿ. ನಾಯಕಿ ಮನೆ ಬಿಟ್ಟು ಹೊರಟ ಪುಟದ ಹಿಂದೆ ಗೋಧಿ ಹಲ್ವ ಮಾಡುವ ಅರ್ಧ ವಿಧಾನ; ವಿಷದ ಬಾಟಲಿ ಕೈಗೆತ್ತಿಕೊಂಡ ಪುಟದ ಅಂಚಿನಲ್ಲಿ ಕೂದಲೆಣ್ಣೆಯ ಜಾಹೀರಾತು. ದುಃಖ ಒಂದು ಹದ ಮೀರದಂತೆ ಪುಟವೇ ನೋಡಿಕೊಳ್ಳುತ್ತಿತ್ತು. ಒಂದರಲ್ಲಿ ನಡುವಿನ ಒಂದು ಕಂತು ನಾಪತ್ತೆ, ಯಾರೋ ಕಡ್ಲೆಕಾಯಿ ಕಟ್ಟಿದ್ದರಂತೆ. ಸೆರೆಮನೆಯಲ್ಲಿದ್ದ ನಾಯಕ ಮುಂದಿನ ಪುಟದಲ್ಲಿ ಮದುವೆ ಮಂಟಪದಲ್ಲಿರುತ್ತಾನೆ. ಅವನು ಹೇಗೆ ಬಿಡುಗಡೆಯಾದ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಆವೃತ್ತಿ. ಕರೆಂಟು ಹೋದ ರಾತ್ರಿಗಳಲ್ಲಿ, ಅಪ್ಪನ ಸಂಬಳ ನಿಂತ ತಿಂಗಳುಗಳಲ್ಲಿ, ನಾವು ಅದನ್ನೇ ಚರ್ಚಿಸುತ್ತಿದ್ದೆವು. ಅತ್ತೆಯ ವಾದದಲ್ಲಿ ಆತ ಸುರಂಗ ಕೊರೆದಿದ್ದ, ಅಪ್ಪನ ವಾದದಲ್ಲಿ ಜಾಮೀನು.

ಓದುವುದಕ್ಕೆ ಅಧಿಕೃತ ಪರವಾನಗಿ ಸಿಗುತ್ತಿದ್ದ ಹೊತ್ತೂ ಒಂದಿತ್ತು. ಬೇಸಿಗೆಯಲ್ಲಿ ಮಹಡಿ ಮೇಲೆ ಹಪ್ಪಳ ಸಂಡಿಗೆ ಒಣಹಾಕಿ ಕಾಗೆ ಕಾಯಲು ಕೂರಿಸುತ್ತಿದ್ದರಲ್ಲ, ಆಗ. ತಲೆ ಮೇಲೆ ಒದ್ದೆ ಟವೆಲ್, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪುಸ್ತಕ, ಬಾಯಲ್ಲಿ ಅರೆಬೆಂದ ಸಂಡಿಗೆ ಹಿಟ್ಟು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದ ಬೇಸಿಗೆಯನ್ನು ನಾನು ಹಾಗೆಯೇ ದಾಟಿದೆ. ಕಥೆ ರಂಗೇರಿದಾಗ ಕಾಗೆಗಳಿಗೂ ರಂಗು. ಕೆಳಗಿನಿಂದ ಅಮ್ಮ "ಎಷ್ಟು ಹೋಯ್ತೋ?" ಎಂದು ಕೂಗಿದರೆ ನಾನು ಪುಟ ಎಷ್ಟಾಯಿತು ಎಂದು ಕೇಳಿದಳೆಂದುಕೊಂಡು "ನಲವತ್ತು" ಎಂದು ಕೂಗಿ ಒದೆ ತಿಂದದ್ದೂ ಉಂಟು.

ಈಗ ಪುಸ್ತಕದಂಗಡಿಗೆ ಹೋಗಿ ಮನಸ್ಸು ಸರಿಯಿಲ್ಲ ಅಂದರೆ ನೇರವಾಗಿ ವ್ಯಕ್ತಿತ್ವ ವಿಕಸನದ ಕಪಾಟಿನ ಮುಂದೆ ನಿಲ್ಲಿಸುತ್ತಾರೆ. ಕೋಟ್ ಹಾಕಿಕೊಂಡವನು ರಟ್ಟಿನ ಮೇಲಿಂದ ಬೆರಳು ತೋರಿಸುತ್ತಿರುತ್ತಾನೆ: ಬೆಳಿಗ್ಗೆ ನಾಲ್ಕಕ್ಕೆ ಏಳು, ತಣ್ಣೀರು ಸ್ನಾನ ಮಾಡು, ಗುರಿ ಬರೆದಿಡು. ಇವನು ಪುಸ್ತಕದ ವೇಷದಲ್ಲಿ ಬಂದಿರುವ ನೆಂಟ. ವಿಚಾರಣೆಯನ್ನೂ ಮಾಡುತ್ತಾನೆ, ಮೇಲೆ ದುಡ್ಡನ್ನೂ ಕೇಳುತ್ತಾನೆ.

ಹೋಗಲಿ, 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ನೆಂಟರೂ ಬರದಂತಾಯಿತಲ್ಲ, ಆಗ ನಾವೆಲ್ಲ ಏನು ಓದಿದೆವು? ಮಹಾಕಾವ್ಯಗಳನ್ನು ಮುಗಿಸುತ್ತೇನೆ ಎಂದು ಹೊರಟ ಗೆಳೆಯರು ಮೊದಲ ಸಂಧಿ ದಾಟಲಿಲ್ಲ. ಹೊರಗೆ ಆ್ಯಂಬುಲೆನ್ಸ್ ಕೂಗುತ್ತಿರುವಾಗ ಹೊಸ ಪುಸ್ತಕ ತಲೆಗೆ ಹತ್ತುತ್ತಲೂ ಇರಲಿಲ್ಲ. ನಾನು ತೇಜಸ್ವಿಯವರ 'ಕರ್ವಾಲೊ' ಮತ್ತೆ ತೆಗೆದೆ. ಅದರ ಕೊನೆಗೆ ಹಾರುವ ಓತಿ ಹಾರಿಹೋಗುತ್ತದೆ ಎಂದು ಗೊತ್ತು. ಗೊತ್ತಿರುವುದು ಗೊತ್ತಿರುವ ಹಾಗೇ ನಡೆಯುವ ಜಾಗ ಆ ದಿನಗಳಲ್ಲಿ ಅದೊಂದೇ ಇತ್ತು.

ನನ್ನ ಹೆಂಡತಿಯದು ಬೇರೆ ಪಂಥ. ಮನಸ್ಸು ಕೆಟ್ಟರೆ ಅವಳು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಶೆಲ್ಫ್ ಒರೆಸಿ, ಹಾಸಿದ ಪೇಪರ್ ಬದಲಾಯಿಸುತ್ತಾಳೆ. ಹಾಗೆ ತೆಗೆದ ಹಳೇ ಪೇಪರನ್ನು ನೆಲದ ಮೇಲೆ ಕೂತು, ಕಾಫಿ ಗುಟುಕರಿಸುತ್ತಾ, ಒಂದಕ್ಷರ ಬಿಡದೆ ಓದುತ್ತಾಳೆ. "ಹೊಸ ಪೇಪರ್ ಇಲ್ಲೇ ಇದೆಯಲ್ಲೇ" ಅಂದೆ ಮೊನ್ನೆ. "ಇದ್ರಲ್ಲಿರೋ ಕಷ್ಟ ಎಲ್ಲಾ ಮುಗಿದುಹೋಗಿದೆ ಕಣ್ರೀ, ನಿಮ್ಮ ಹೊಸದರಲ್ಲಿ ಎಲ್ಲಾ ಬಾಕಿ" ಅಂದಳು. ಇಷ್ಟೆಲ್ಲ ಓದಿದ ನನಗೆ ಹೊಳೆಯದ ಮಾತು. ಮೆಚ್ಚಿ ನಾನೂ ಪಕ್ಕದಲ್ಲಿ ಕೂತೆ. 2014ರ ಪೇಪರು, ಸಾಸಿವೆ ವಾಸನೆ ಬೇರೆ. ಇಬ್ಬರೂ ಸುಖವಾಗಿ ಓದುತ್ತಿದ್ದೆವು.

ಮೂಲೆಯಲ್ಲಿ ಆ ದಿನದ ಚಿನ್ನದ ದರ ಇತ್ತು. ಹತ್ತು ಗ್ರಾಂಗೆ ಮೂವತ್ತು ಸಾವಿರದೊಳಗೆ.

"ಅವತ್ತೇ ಎರಡು ಬಳೆ ಮಾಡಿಸೋಣ ಅಂತ ಬಡ್ಕೊಂಡೆ. ಇಳಿಯುತ್ತೆ ಇರು ಅಂದವರು ಯಾರು?"

ನಾನು ಬೀಚಿಯವರ ತಿಮ್ಮನನ್ನು ಕಂಕುಳಲ್ಲಿ ಅವುಚಿಕೊಂಡು ಮಹಡಿಗೆ ಹೋದೆ.