67ನೇ ಆಪ್ಷನ್ನಿನ ಒಡೆಯರಿಗೆ ಒಂದು ಬಹಿರಂಗ ಪತ್ರ

ನಮ್ಮ ಕಾಲೇಜಿನ ನೆಟ್‌ವರ್ಕ್ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಗುತ್ತಿಗೆ, ಪಡೆದಿರುವ ಮಾನ್ಯ ಗುತ್ತಿಗೆದಾರರಿಗೆ, ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಮಾಡುವ ನಮಸ್ಕಾರಗಳು.

ತಾವು ಕ್ಷೇಮವೆಂದು ಬಲ್ಲೆ. ನಿನ್ನೆ ಸಂಜೆ ತಮ್ಮ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಯಾವುದೋ ರೆಸಾರ್ಟಿನ ಈಜುಕೊಳ ಕಾಣಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಾನು ಫೋನ್ ಮಾಡಿದಾಗ ತಾವು "ಸೈಟಲ್ಲಿದ್ದೀನಿ ಸರ್, ಆಮೇಲೆ ಮಾಡ್ತೀನಿ" ಎಂದಿರಿ. ಸೈಟು ಚೆನ್ನಾಗಿದೆ. ನೀರೂ ತಿಳಿಯಾಗಿತ್ತು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಹೊಸ ರೂಟರ್ ಬೇಡ, ಹೊಸ ಸ್ವಿಚ್ ಬೇಡ, ಕೇಬಲ್ಲಂತೂ ಬೇಡವೇ ಬೇಡ. ತಮ್ಮ ರೂಟರಿನ ಡಿಎಚ್‌ಸಿಪಿ ಪುಟಕ್ಕೆ ಹೋಗಿ 67ನೇ ಆಪ್ಷನ್ ಎದುರಿಗಿರುವ ಒಂದು ಫೈಲಿನ ಹೆಸರನ್ನು ಅಳಿಸಬೇಕು. ಅಷ್ಟೇ. ಅದಕ್ಕೆ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ತಮ್ಮಲ್ಲಿದೆ. ತಾವು ಸೈಟಿನಲ್ಲಿದ್ದೀರಿ.

ಕಥೆ ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ತಮಗೂ ಗೊತ್ತಿಲ್ಲ ಎಂಬ ಗುಮಾನಿ ನನಗಿದೆ, ಹಾಗಾಗಿ ತಾವೂ ಓದಬಹುದು. ಲ್ಯಾಬಿನ ಮೂಲೆಯಲ್ಲಿ ಒಂದು ಸರ್ವರ್ ಇದೆ. ಅದರೊಳಗೆ ಫಾಗ್ ಎಂಬ ತಂತ್ರಾಂಶ. 2007ರಲ್ಲಿ ಶುರುವಾದ ಉಚಿತ, ಮುಕ್ತ ಯೋಜನೆ ಅದು. ಒಂದು ಕಂಪ್ಯೂಟರಿನಲ್ಲಿ ವಿಂಡೋಸು, ಕಂಪೈಲರು, ಕನ್ನಡ ಕೀಬೋರ್ಡು ಎಲ್ಲವನ್ನೂ ಕೂರಿಸಿ ಇಮೇಜ್ ತೆಗೆದಿಟ್ಟರೆ, ಉಳಿದ ಅಷ್ಟೂ ಕಂಪ್ಯೂಟರುಗಳಿಗೆ ವೈರಿನ ಮೇಲೆಯೇ ಅದನ್ನು ಇಳಿಸಬಹುದು. ಸಂಜೆ ಇಮೇಜಿಂಗ್ ಹಚ್ಚಿ ಮನೆಗೆ ಹೋದರೆ ಬೆಳಿಗ್ಗೆ ಇಡೀ ಲ್ಯಾಬು ಸಿದ್ಧ. ಉಬುಂಟು 12.04ರ ಮೇಲೆ ಕೂತಿದ್ದ ಫಾಗ್ 0.32, ಯಾರ ಎಎಂಸಿಯೂ ಇಲ್ಲದೆ ವರ್ಷಗಟ್ಟಲೆ ಹೀಗೆ ದುಡಿಯಿತು.

ಆಮೇಲೆ ಹೊಸ ಕಂಪ್ಯೂಟರುಗಳು ಬಂದವು. ಹಳೆಯ ಬಯೋಸ್ ಅಲ್ಲ, ಯುಇಎಫ್‌ಐ. ಮಾಮೂಲಿ ಹಾರ್ಡ್ ಡಿಸ್ಕ್ ಅಲ್ಲ, ಎನ್‌ವಿಎಂಇ. ಹಳೇ ಫಾಗ್‌ಗೆ ಇವೆರಡೂ ಗೊತ್ತಿಲ್ಲ. ಅಪ್‌ಗ್ರೇಡ್ ಮಾಡಲೇಬೇಕಾಯಿತು, ಮಾಡಿದೆ. ಹೊಸ ಸರ್ವರಿಗೆ ಹಳೆಯದರ ಐಪಿ ವಿಳಾಸವನ್ನೇ ಕೊಟ್ಟೆ, ಇಮೇಜುಗಳನ್ನು ಸಾಗಿಸಿದೆ, ಡೇಟಾಬೇಸ್ ಅಪ್‌ಡೇಟ್ ಮಾಡಿದೆ. ಎಲ್ಲ ಹಸಿರು. ಒಂದು ಕಂಪ್ಯೂಟರ್ ಆನ್ ಮಾಡಿ, ನೆಟ್‌ವರ್ಕಿನಿಂದ ಏಳಲಿ ಎಂದು ಎಫ್12 ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಪಿಎಕ್ಸ್‌ಇ-ಇ3ಬಿ, ಟಿಎಫ್‌ಟಿಪಿ ಎರರ್, ಫೈಲ್ ನಾಟ್ ಫೌಂಡ್.

ಯಾಕೆ ಹೀಗೆ? ಡಿಸ್ಕಿನಲ್ಲಿ ಏನೂ ಇಲ್ಲದ ಕಂಪ್ಯೂಟರ್ ನೆಟ್‌ವರ್ಕಿನಿಂದ ಏಳಬೇಕಾದರೆ ಅದರ ಲ್ಯಾನ್ ಕಾರ್ಡು ಮೊದಲು ವೈರಿಗೆ ಬಾಯಿ ಹಾಕಿ ಕೂಗುತ್ತದೆ: ನನಗೊಂದು ವಿಳಾಸ ಕೊಡಿ. ತಮ್ಮ ರೂಟರ್ ವಿಳಾಸ ಕೊಡುತ್ತದೆ, ಈ ಏರ್ಪಾಡಿಗೇ ಡಿಎಚ್‌ಸಿಪಿ ಎನ್ನುವುದು. ಜೊತೆಗೆ 66ನೇ ಆಪ್ಷನ್ನಿನಲ್ಲಿ "ಇಂಥ ಸರ್ವರಿಗೆ ಹೋಗು", 67ರಲ್ಲಿ "ಇಂಥ ಫೈಲ್ ಕೇಳು" ಎನ್ನುತ್ತದೆ. ಕಾರ್ಡು ಹಾಗೇ ಹೋಗಿ ಟಿಎಫ್‌ಟಿಪಿ ಎಂಬ ಪದ್ಧತಿಯಲ್ಲಿ ಕೇಳುತ್ತದೆ. ಹಳೇ ಫಾಗ್‌ನಲ್ಲಿ ಆ ಫೈಲಿನ ಹೆಸರು ಪಿಎಕ್ಸ್‌ಇಲಿನಕ್ಸ್ ಡಾಟ್ ಸೊನ್ನೆ. 2014ರಲ್ಲಿ ಬಂದ ಫಾಗ್ 1.0 ಆ ದಾರಿ ಬಿಟ್ಟು ಐಪಿಎಕ್ಸ್‌ಇ ಹಿಡಿಯಿತು. ಈಗ ಬಯೋಸ್ ಯಂತ್ರಗಳಿಗೆ ಯುಎನ್‌ಡಿಐಓನ್ಲಿ ಡಾಟ್ ಕೆಪಿಎಕ್ಸ್‌ಇ, ಯುಇಎಫ್‌ಐಗೆ ಎಸ್‌ಎನ್‌ಪಿಓನ್ಲಿ ಡಾಟ್ ಇಎಫ್‌ಐ. ಇದನ್ನು ಅವರು ಮುಚ್ಚಿಟ್ಟಿಲ್ಲ, ಬರೆದಿಟ್ಟಿದ್ದಾರೆ. ಆದರೆ ತಮ್ಮ ರೂಟರ್ ಇವತ್ತಿಗೂ, ಮದುವೆ ಬೇರೆ ಛತ್ರಕ್ಕೆ ಬದಲಾದಮೇಲೂ ಹಳೇ ಛತ್ರದ ಬಾಗಿಲಲ್ಲಿ ನಿಂತು "ಊಟ ಒಳಗಡೆ, ಬನ್ನಿ ಬನ್ನಿ" ಎನ್ನುವ ಸೋದರಮಾವನ ಹಾಗೆ, ಪಿಎಕ್ಸ್‌ಇಲಿನಕ್ಸ್ ಡಾಟ್ ಸೊನ್ನೆ ಎಂದೇ ಹೇಳಿಕೊಂಡು ನಿಂತಿದೆ.

ಇದು ನನ್ನ ಊಹೆಯಲ್ಲ. ಸರ್ವರಿನಲ್ಲಿ ಟಿಸಿಪಿಡಂಪ್ ಓಡಿಸಿ 67, 68, 69ನೇ ಪೋರ್ಟುಗಳ ಮೇಲೆ ಹಾದುಹೋದದ್ದನ್ನೆಲ್ಲ ಹಿಡಿದೆ. ಯಂತ್ರ ಕೇಳಿದ ಹೆಸರು ಅಕ್ಷರ ಅಕ್ಷರವಾಗಿ ಅಲ್ಲಿದೆ. ಅದರ ಪ್ರಿಂಟ್ ತೆಗೆದು, ಆ ಸಾಲಿಗೆ ಹಳದಿ ಬಣ್ಣ ಬಳಿದು, ತಮ್ಮ ಆಫೀಸಿಗೇ ತಂದುಕೊಟ್ಟೆ. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ತಿರುಗಿಸಿ, ಖಾಲಿಯಿದ್ದ ಹಿಂಬದಿಯ ಮೇಲೆ ನನ್ನ ಕಂಪ್ಲೇಂಟ್ ನಂಬರ್ ಬರೆದು ಹರಿದುಕೊಟ್ಟಳು. ಹಳದಿ ಸಾಲು ನನ್ನ ಕೈಗೇ ವಾಪಸ್ ಬಂತು. ಅಣ್ಣ ಎಲ್ಲಿ ಅಂದೆ. ಸೈಟಲ್ಲಿದ್ದಾರೆ.

ಮರುದಿನ ತಾವು ಒಬ್ಬ ಹುಡುಗನನ್ನು ಕಳಿಸಿದಿರಿ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಬ್ಯಾಗಿನಿಂದ ಕ್ರಿಂಪಿಂಗ್ ಟೂಲ್ ತೆಗೆದ. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಕೇಬಲ್ಲಿನ ತುದಿ ಕತ್ತರಿಸಿದ್ದ. ಎಂಟು ಎಳೆಗಳನ್ನು ಬೆರಳಲ್ಲಿ ನೇವರಿಸಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ ಎಂದು ಸಾಲಾಗಿ ಕೂರಿಸಿ, ಹೊಸ ಜ್ಯಾಕ್ ಒತ್ತಿದ. ಟೆಸ್ಟರಿನ ದೀಪಗಳು ಒಂದರಿಂದ ಎಂಟರವರೆಗೆ ಚೆಂದವಾಗಿ ಹತ್ತಿದವು. ಕೈಕೆಲಸ ನೋಡುವ ಹಾಗಿತ್ತು, ಸುಳ್ಳು ಹೇಳಬಾರದು. ಆದರೆ ಕೇಬಲ್ ಮೊದಲೇ ಸರಿಯಿತ್ತು ಸ್ವಾಮೀ. ಕೇಬಲ್ ಕೆಟ್ಟಿದ್ದರೆ ಯಂತ್ರ ಪಿಎಕ್ಸ್‌ಇ-ಇ61 ಎನ್ನುತ್ತದೆ, ಕೇಬಲ್ ನೋಡಿಕೊಳ್ಳಿ ಎಂದು ಬಾಯಿಬಿಟ್ಟೇ ಹೇಳುತ್ತದೆ. ಐಪಿ ವಿಳಾಸ ಸಿಗದಿದ್ದರೆ ಇ51. ಫೈಲಿನ ಹೆಸರೇ ಬರದಿದ್ದರೆ ಇ53. ಸರ್ವರಿನಿಂದ ಉತ್ತರ ಬಾರದಿದ್ದರೆ ಇ32. ನಮ್ಮದು ಇ3ಬಿ: ಕೇಬಲ್ ಇದೆ, ವಿಳಾಸ ಇದೆ, ಸರ್ವರ್ ಇದೆ, ಕೇಳಿದ ಹೆಸರಿನ ಫೈಲ್ ಮಾತ್ರ ಇಲ್ಲ. ಕಪ್ಪು ಪರದೆ ಇದಕ್ಕಿಂತ ಇನ್ನೆಷ್ಟು ಬಿಡಿಸಿ ಹೇಳಬೇಕು?

"ರೂಟರ್ ಪಾಸ್‌ವರ್ಡ್ ಗೊತ್ತಾ ಮಗಾ?" ಎಂದೆ. "ಅದು ಅಣ್ಣನ ಹತ್ರ ಮಾತ್ರ ಸರ್" ಎಂದ. ಸರ್ವಿಸ್ ರಿಪೋರ್ಟಿಗೆ ಸಹಿ ಕೇಳಿದ. "ತೊಂದರೆ: ಕೇಬಲ್. ಸ್ಥಿತಿ: ಸರಿಪಡಿಸಲಾಗಿದೆ" ಎಂದು ಮೊದಲೇ ಬರೆದಿತ್ತು. ಹೋಗುವಾಗ ಸ್ವಿಚ್ಚಿನ ಹಿಂದೆ ಇಣುಕಿ, "ಸರ್, ಸ್ಟಾಫಿನ ಬಯೋಮೆಟ್ರಿಕ್ಕೂ ಇದ್ರಲ್ಲೇ ಇದೆ, ಹುಷಾರು" ಎಂದ. ಅದಕ್ಕೆ ಬೇರೆ ಕೇಬಲ್ ಎಳೆಯುವ ಖರ್ಚು ಉಳಿಸಲು ತಾವೇ ನಮ್ಮ ಲ್ಯಾಬಿನ ಸ್ವಿಚ್ಚಿಗೆ ಚುಚ್ಚಿದ್ದಂತೆ. ಹುಷಾರಾಗಿರುತ್ತೇನೆ ಎಂದೆ. ಆ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ನಾನು ಕೈಕಟ್ಟಿ ಕೂರಲಿಲ್ಲ. ಸರ್ವರಿನಲ್ಲಿ ಹೊಸ ಫೈಲಿಗೆ ಹಳೇ ಹೆಸರಿನ ಲಿಂಕ್ ಕೊಟ್ಟೆ. ಪಿಎಕ್ಸ್‌ಇಲಿನಕ್ಸ್ ಎಂದು ಕೇಳಿದವರಿಗೆ ಯುಎನ್‌ಡಿಐಓನ್ಲಿ ಸಿಕ್ಕಿತು. ಹಳೇ ಬಯೋಸ್ ಯಂತ್ರಗಳು ಮೋಸ ಹೋಗಿ ಎದ್ದು ಕೂತವು, ಫಾಗ್ ಮೆನು ಬಂತು. ಹೊಸವು ಏಳಲಿಲ್ಲ. ಅವಕ್ಕೆ ಬೇರೆಯದೇ ಫೈಲ್ ಬೇಕು, ತಮ್ಮ ರೂಟರ್ ಎಲ್ಲರಿಗೂ ಒಂದೇ ಹೆಸರು ಹೇಳುತ್ತದೆ. ಯಂತ್ರಗಳೇನೋ 93ನೇ ಆಪ್ಷನ್ನಿನಲ್ಲಿ ತಮ್ಮ ಜಾತಕ ಕಳಿಸುತ್ತವೆ, 0 ಎಂದರೆ ಹಳೇ ಬಯೋಸ್, 7 ಎಂದರೆ 64 ಬಿಟ್ಟಿನ ಯುಇಎಫ್‌ಐ. ತಮ್ಮ ರೂಟರ್ ಅದನ್ನು ಓದುವುದಿಲ್ಲ. ಮಾಲೀಕರ ಅಭ್ಯಾಸವೇ ಬಂದಿರಬೇಕು.

ಇರಲಿ ಎಂದು ಡಿಎನ್‌ಎಸ್‌ಮ್ಯಾಸ್ಕ್ ಹಾಕಿ ಪ್ರಾಕ್ಸಿ ಡಿಎಚ್‌ಸಿಪಿ ನಡೆಸಿ ನೋಡಿದೆ. ಐಪಿ ವಿಳಾಸ ಕೊಡುವ ಕೆಲಸ ರೂಟರಿಗೇ ಬಿಟ್ಟು, ಫೈಲಿನ ಹೆಸರನ್ನು ಮಾತ್ರ ಪಕ್ಕದಲ್ಲಿ ನಿಂತು ಹೇಳುವ ಏರ್ಪಾಡು ಅದು. ರೂಟರ್ 67ರ ಬಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಸಲೀಸು. ತಮ್ಮದು ಮುಚ್ಚಲಿಲ್ಲ. ಕೆಲವು ಯಂತ್ರಗಳು ಇದರ ಮಾತು ಕೇಳಿದವು, ಕೆಲವು ಅದರ ಮಾತು. ಒಂದು ದಿನ ಎದ್ದದ್ದು ಮರುದಿನ ಏಳಲಿಲ್ಲ. ಸೆಕ್ಯೂರ್ ಬೂಟ್ ಬೇರೆ ಇತ್ತು, ನಮ್ಮಲ್ಲಿದ್ದ ಐಪಿಎಕ್ಸ್‌ಇ ಫೈಲಿಗೆ ಸಹಿ ಇಲ್ಲವೆಂದು ಅದು ಒಳಗೇ ಬಿಡದು. ಒಂದೊಂದೇ ಯಂತ್ರದ ಸೆಟಪ್ಪಿಗೆ ಹೋಗಿ ಆಫ್ ಮಾಡಿದೆ. ಅದು ನನ್ನ ಪಾಲಿನ ಕೆಲಸ, ಅದಕ್ಕೆ ತಮ್ಮನ್ನು ದೂರುವುದಿಲ್ಲ.

ಈ ಟಿಎಫ್‌ಟಿಪಿಯ ಬಗ್ಗೆ ತಮಗೊಂದು ಮಾತು ಹೇಳಬೇಕು. 1981ರಲ್ಲಿ ಬರೆದಿಟ್ಟ ಪದ್ಧತಿ ಅದು. ಅದಕ್ಕೆ ಪಾಸ್‌ವರ್ಡೇ ಇಲ್ಲ. ಬಂದವರು ಹೆಸರು ಹೇಳಿದರೆ ಸಾಕು, ಫೈಲ್ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ ಎನ್ನುತ್ತದೆ. ಫೈಲನ್ನು 512 ಬೈಟುಗಳ ತುಂಡು ಮಾಡಿ ಕಳಿಸುತ್ತದೆ, ಒಂದು ತುಂಡು ತಲುಪಿತು ಎಂದು ಆ ಕಡೆಯವರು ಹೇಳುವವರೆಗೆ ಮುಂದಿನದನ್ನು ಕಳಿಸುವುದಿಲ್ಲ. ಪ್ರತಿ ತುಂಡಿಗೂ ಉತ್ತರ! ನನ್ನ ಮೆಸೇಜುಗಳಿಗೆ ತಾವು ನೀಲಿ ಟಿಕ್ ಕೊಡುತ್ತೀರಿ, ಅದನ್ನೇ ಉತ್ತರವೆಂದು ತಿಳಿಯಬೇಕೇನೋ. ಒಂದು ವಾಯ್ಸ್ ಮೆಸೇಜ್ ಮಾತ್ರ ಬಂತು: "ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್." ಮಾಡಿದೆ. ಆಫ್ ಆಗಿ ಆನ್ ಆಗಿ ಹೊಸ ಹುಮ್ಮಸ್ಸಿನಿಂದ ಪಿಎಕ್ಸ್‌ಇಲಿನಕ್ಸ್ ಡಾಟ್ ಸೊನ್ನೆ ಎಂದಿತು.

ನಗಿಸುವ ಮಾತು ಇಲ್ಲಿಗೆ ಸಾಕು. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿದೆ. ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬರುವ ಮಕ್ಕಳು ಲ್ಯಾಬಿನ ಬಾಗಿಲಲ್ಲಿ ನಿಂತು "ಸರ್, ಇವತ್ತಾದ್ರೂ ಇದೆಯಾ?" ಎನ್ನುತ್ತಾರೆ. ಅವರಲ್ಲಿ ಮುಕ್ಕಾಲು ಪಾಲಿಗೆ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ನಾನೂ ಅಟೆಂಡರೂ ಪೆನ್‌ಡ್ರೈವ್ ಹಿಡಿದು ಒಂದೊಂದೇ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ವಿಂಡೋಸ್ ಹಾಕುತ್ತಾ ಕಳೆದ ರಾತ್ರಿಗಳಿಗೆ ಯಾರೂ ಬಿಲ್ ಕೊಡುವುದಿಲ್ಲ. ತಮ್ಮ ಎಎಂಸಿ ಬಿಲ್ ಮಾತ್ರ ಕ್ವಾರ್ಟರ್ ಮುಗಿಯುವ ಮುಂಚೆಯೇ ಆಫೀಸಿನ ಟೇಬಲ್ಲಿನ ಮೇಲಿರುತ್ತದೆ. ಅದನ್ನು ತರುವವರು ಎಂದೂ ಸೈಟಿನಲ್ಲಿರುವುದಿಲ್ಲ. ರೂಟರ್ ಕಾಲೇಜಿನ ದುಡ್ಡಿನದು. ಕರೆಂಟು ಕಾಲೇಜಿನದು. ಅದು ಕೂತಿರುವ ಮೊಳೆ ಕೂಡ ಕಾಲೇಜಿನದೇ. ಪಾಸ್‌ವರ್ಡ್ ಮಾತ್ರ ತಮ್ಮ ಸ್ವಯಾರ್ಜಿತ ಹೇಗಾಯಿತು? ಪ್ರಿನ್ಸಿಪಾಲರು ಕೇಳಿದರೆ "ಸೆಕ್ಯೂರಿಟಿ ಸರ್" ಎಂದಿರಂತೆ. ಯಾರಿಂದ ಯಾರಿಗೆ ಸೆಕ್ಯೂರಿಟಿ? ಪಾಸ್‌ವರ್ಡ್ ಕೊಟ್ಟರೆ ಮುಂದಿನ ವರ್ಷ ಎಎಂಸಿ ಬೇರೆಯವರಿಗೆ ಹೋದೀತೆಂಬ ಭಯ, ಅಷ್ಟೇ ತಾನೆ? ಹೇಳಿಬಿಡಿ. ಭಯ ನನಗರ್ಥವಾಗುತ್ತದೆ. ಈಜುಕೊಳ ಅರ್ಥವಾಗುವುದಿಲ್ಲ.

ಆದ್ದರಿಂದ ಇವತ್ತು ಬೆಳಿಗ್ಗೆ ಲ್ಯಾಬಿಗೆ ಬಂದವನೇ ಸ್ವಿಚ್ಚಿನ ಹಿಂದೆ ಕೈ ಹಾಕಿ, ತಮ್ಮ ರೂಟರಿನಿಂದ ಬರುವ ಅಪ್‌ಲಿಂಕ್ ಕೇಬಲ್ಲನ್ನು ಕಿತ್ತಿಟ್ಟೆ. ತಮ್ಮ ಹುಡುಗ ಹಾಕಿದ ಜ್ಯಾಕ್, ಗಟ್ಟಿಯಾಗಿತ್ತು. ಫಾಗ್ ಸರ್ವರಿನಲ್ಲೇ ಪೂರ್ತಿ ಡಿಎಚ್‌ಸಿಪಿ ಎಬ್ಬಿಸಿದೆ. 93ನೇ ಆಪ್ಷನ್ನಿನಲ್ಲಿ 0 ಬಂದರೆ ಈ ಫೈಲ್, 7 ಬಂದರೆ ಆ ಫೈಲ್. ಎಫ್12 ಒತ್ತಿದೆ. ಹಳೆಯವೂ ಎದ್ದವು, ಹೊಸವೂ ಎದ್ದವು. ಇಮೇಜ್ ಇಳಿಸುವ ಪಾರ್ಟ್‌ಕ್ಲೋನಿನ ನೀಲಿ ಪರದೆ ಸಾಲುಸಾಲಾಗಿ ಬಂದು ಶೇಕಡಾ ಲೆಕ್ಕ ಏರತೊಡಗಿತು. ಅಟೆಂಡರ್ ಕಾಫಿ ತರಲು ಹೋದ. ಲ್ಯಾಬಿಗೆ ಇಂಟರ್‌ನೆಟ್ ಇಲ್ಲ, ಮಕ್ಕಳು ಪರೀಕ್ಷೆಗೆ ಬರೆಯುವ ಪ್ರೋಗ್ರಾಮುಗಳಿಗೆ ಅದು ಬೇಕೂ ಇಲ್ಲ.

ಕಾಫಿ ಬರುವ ಮುಂಚೆಯೇ ಆಫೀಸಿನಿಂದ ಸೂಪರಿಂಟೆಂಡೆಂಟರು ಓಡಿ ಬಂದರು, ಯಾರ ಹಾಜರಿಯೂ ಆಫೀಸಿನ ಕಂಪ್ಯೂಟರಿಗೆ ಬರುತ್ತಿಲ್ಲವಂತೆ. ನೆಟ್‌ವರ್ಕ್ ತೊಂದರೆ ಸರ್, ಅಣ್ಣನಿಗೇ ಫೋನ್ ಮಾಡಿ ಎಂದೆ. ಅವರು ಮಾಡಿದ್ದೇ ತಡ, ನನ್ನ ಫೋನು ಬಡಿದುಕೊಳ್ಳತೊಡಗಿತು. ನೋಡಿದರೆ ತಾವು! ನಾನು ಕಟ್ ಮಾಡಿದೆ. ಮತ್ತೆ ಮಾಡಿದಿರಿ. "ಸೈಟಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಎಂದು ಇಟ್ಟೆ.

ಈ ಪತ್ರ ಬರೆಯುತ್ತಿರುವಾಗ ಮತ್ತೆ ಮತ್ತೆ ಬರುತ್ತಿದೆ. ತಮ್ಮ ಕಾಳಜಿಗೆ ಧನ್ಯವಾದ. ಹಾಜರಿ ಯಂತ್ರಕ್ಕೆ ಬೇರೆ ಕೇಬಲ್ ಎಳೆಯಿರಿ, ಎಷ್ಟು ವರ್ಷದ ಬಾಕಿ ಕೆಲಸವೋ ಅದು. ರೂಟರಿನ ಪಾಸ್‌ವರ್ಡನ್ನು ಒಂದು ಬಿಳಿ ಹಾಳೆಯ ಮೇಲೆ ಬರೆದು, ಕವರಿಗೆ ಹಾಕಿ, ಪ್ರಿನ್ಸಿಪಾಲರ ಕೈಗೆ ಕೊಟ್ಟು ರಸೀದಿ ಪಡೆಯಿರಿ. ಅಪ್‌ಲಿಂಕ್ ಕೇಬಲ್ ನನ್ನ ಟೇಬಲ್ಲಿನ ಡ್ರಾಯರಿನಲ್ಲಿದೆ. ಬೀಗ ಹಾಕಿದ್ದೇನೆ, ಸೆಕ್ಯೂರಿಟಿ ಸರ್. ರಸೀದಿ ತೋರಿಸಿದವರಿಗೆ ಬೀಗ ತೆಗೆದುಕೊಡುತ್ತೇನೆ. ಹನ್ನೊಂದರಿಂದ ಐದರವರೆಗೆ, ಊಟದ ಹೊತ್ತು ಬಿಟ್ಟು.

ಇಂತಿ ತಮ್ಮ ವಿಶ್ವಾಸಿ,
ಲ್ಯಾಬ್ ಇನ್‌ಸ್ಟ್ರಕ್ಟರ್