ಪ್ರೋಟಾನ್ ಆದವರು ಎದ್ದು ಹೋಗುವಂತಿಲ್ಲ

ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಪಿಸಿಎಂ ಮೇಷ್ಟ್ರು ಅಂತ ಒಂದು ತಳಿ ಇದೆ. ಓದಿದ್ದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಮಾಡುವುದು ಅವುಗಳ ಜೊತೆಗೆ ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಜನಗಣತಿ. ದಾರಿಯಲ್ಲಿ ಸಿಕ್ಕಾಗ ‘ಚೆನ್ನಾಗಿದ್ದೀರಾ ಸಾರ್?’ ಎಂದರೆ ‘ಪೋರ್ಷನ್ ಮುಗಿದಿಲ್ಲ ಕಣ್ರೀ’ ಎನ್ನುತ್ತಾರೆ. ಸಾಧು ಮನುಷ್ಯ. ಒಂಬತ್ತನೇ ತರಗತಿಯ ‘ಪರಮಾಣುವಿನ ರಚನೆ’ ಪಾಠ ಬರುವವರೆಗೆ ಮಾತ್ರ.

ಆ ಪಾಠ ಬಂತೆಂದರೆ ಮೈಮೇಲೆ ದೇವರು ಬಂದ ಹಾಗೆಯೇ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನ್ ಹಿಡಿದ ಕಥೆಯನ್ನು ಹಾಜರಿ ಕೂಗುವ ವೇಗದಲ್ಲೇ ಮುಗಿಸುತ್ತಾರೆ. ರುದರ್‌ಫೋರ್ಡ್ ಬಂದಾಗ ದನಿ ಏರುತ್ತದೆ. ‘ನೋಡ್ರೋ, ಈತ ಫಿಸಿಕ್ಸ್‌ನೋನು. 1908ರಲ್ಲಿ ನೊಬೆಲ್ ಕೊಟ್ಟಿದ್ದು ಕೆಮಿಸ್ಟ್ರಿಗೆ!’ ಬರುವ ವಿಷಯ ಒಂದು, ಆದೇಶ ಬರುವುದು ಇನ್ನೊಂದಕ್ಕೆ ಎಂಬುದು ತಮ್ಮೊಬ್ಬರ ಪಾಡಲ್ಲವಲ್ಲ ಎಂಬ ಸಮಾಧಾನ ಮುಖದ ಮೇಲೆ ಎದ್ದು ಕಾಣುತ್ತದೆ.

ಆಮೇಲೆ ಬೋರ್ಡು ಸಾಲುವುದಿಲ್ಲ. ಪಿಟಿ ಮೇಷ್ಟ್ರು ಬ್ಯಾಂಕಿಗೆ ಹೋದ ಸಮಯ ನೋಡಿ ಸುಣ್ಣದ ಪುಡಿ ಹೊರಗೆ ಬರುತ್ತದೆ. ಖೋಖೋ ಅಂಕಣದ ಮೇಲೆ ಒಂದರೊಳಗೊಂದು ಮೂರು ವೃತ್ತ. ಇವತ್ತಿನ ಹಾಜರಿ 34. ಮೇಷ್ಟ್ರ ಕಣ್ಣು ಮಿನುಗುತ್ತದೆ, ಏಕೆಂದರೆ 34 ಮಕ್ಕಳೆಂದರೆ ಸರಿಯಾಗಿ ಒಂದು ಸೋಡಿಯಂ. ಹನ್ನೊಂದು ಪ್ರೋಟಾನು, ಹನ್ನೆರಡು ನ್ಯೂಟ್ರಾನು ನಡುವೆ ಒತ್ತಿಕೊಂಡು ನಿಲ್ಲಬೇಕು. ಹನ್ನೊಂದು ಎಲೆಕ್ಟ್ರಾನು ಸುತ್ತಬೇಕು: ಒಳಗೆ ಇಬ್ಬರು, ಆಚೆ ಎಂಟು, ಮೂರನೇ ಗೆರೆಯಲ್ಲಿ ಒಬ್ಬನೇ. ಆ ಒಬ್ಬನ ಜಾಗಕ್ಕೆ, ಕಾಂಪೌಂಡು ಹಾರುವುದರಲ್ಲಿ ಹೆಸರು ಮಾಡಿದ ಹುಡುಗನನ್ನೇ ಆರಿಸುತ್ತಾರೆ. ಸೋಡಿಯಂನ ಸ್ವಭಾವವನ್ನು ಬಿಡಿಸಿ ಹೇಳುವ ಕೆಲಸ ಅಲ್ಲಿಗೆ ಉಳಿಯಿತು.

‘ಸಾರ್, ಒಂದಕ್ಕೆ...’ ಎಂದು ನಡುವಿನಿಂದ ಒಂದು ಬೆರಳು ಏಳುತ್ತದೆ.

‘ನೀನು ಯಾರು?’

‘ನ್ಯೂಟ್ರಾನ್ ಸಾರ್.’

‘ಹಂಗಾದ್ರೆ ಹೋಗು.’ ಉಳಿದವರ ಕಡೆ ತಿರುಗಿ, ‘ಈಗೇನಾಯ್ತು? 23 ಇದ್ದ ರಾಶಿ ಸಂಖ್ಯೆ 22 ಆಯ್ತು. ಹೆಸರು ಬದಲಾಯ್ತಾ? ಇಲ್ಲ. ಸೋಡಿಯಂ ಸೋಡಿಯಮ್ಮೇ. ಇದೇ ಐಸೋಟೋಪು. ಬರ್ಕೊಳ್ರೋ!’ ಮೈದಾನದಲ್ಲಿ ಎಲ್ಲಿ ಬರೆದುಕೊಳ್ಳುವುದು? ಪಾಪ, ಅಂಗೈಯಲ್ಲಿ ಬರೆದುಕೊಳ್ಳುತ್ತಾರೆ.

ನ್ಯೂಟ್ರಾನ್ ವಾಪಸ್ಸಾದ ಮೇಲೆ ಇನ್ನೊಬ್ಬ ಕೇಳುತ್ತಾನೆ. ಇವನು ಪ್ರೋಟಾನು. ಮೇಷ್ಟ್ರು ನಿಜಕ್ಕೂ ಗಾಬರಿಯಾಗುತ್ತಾರೆ. ‘ಲೋ, ನೀನು ಹೋದ್ರೆ ಧಾತುವೇ ಹೋಯ್ತಲ್ಲೋ!’ ಆದರೆ ಹುಡುಗನ ಅವಸರ ಪರಮಾಣು ಸಂಖ್ಯೆಯನ್ನು ಕೇಳುವ ಹಂತ ದಾಟಿದೆ, ಓಡಿಯೇಬಿಟ್ಟ. ಹತ್ತು ಪ್ರೋಟಾನು, ಹನ್ನೆರಡು ನ್ಯೂಟ್ರಾನು ಉಳಿದವು. ಮೇಷ್ಟ್ರು ಕ್ಷಣ ಯೋಚಿಸಿ, ಹೊರಗೆರೆಯವನಿಗೆ ‘ನೀನು ಆಫೀಸಿಗೆ ಹೋಗಿ ಗಂಟೆ ನೋಡ್ಕೊಂಡು ಬಾ’ ಎಂದು ಅಟ್ಟುತ್ತಾರೆ. ಈಗ ಎರಡು, ಎಂಟು, ಕವಚ ಭರ್ತಿ. ‘ನಿಯಾನ್ 22!’ ಎಂದು ಕೂಗುವಾಗ ಅವರ ದನಿ ಹೆಡ್‌ಮಾಸ್ಟರ ಕೋಣೆಗೂ ಮುಟ್ಟುತ್ತದೆ. ಮುಂದಿನದು ಪಠ್ಯದಲ್ಲಿಲ್ಲ, ಆದರೂ ಹೇಳದೆ ಬಿಡುವವರಲ್ಲ: ನಿಯಾನ್‌ನಲ್ಲಿ 20ರದೂ 22ರದೂ ಬೇರೆಬೇರೆ ಪರಮಾಣುಗಳಿವೆ ಎಂಬ ಗುಟ್ಟು 1913ರ ಹೊತ್ತಿಗೆ ಸಿಕ್ಕಿದ್ದು ಅದೇ ಥಾಮ್ಸನ್‌ಗೆ. ಅಷ್ಟರಲ್ಲಿ ಪಿಟಿ ಮೇಷ್ಟ್ರ ಸೀಟಿ ಗೇಟಿನ ಬಳಿ ಕೇಳಿಸುತ್ತದೆ, ನಿಯಾನ್ ಚೆಲ್ಲಾಪಿಲ್ಲಿ.

ಈ ಮೇಷ್ಟ್ರಿಗೆ ವರ್ಷವಿಡೀ ಕಾಯುವ ಪ್ರಶ್ನೆ ಒಂದಿದೆ. ಕ್ಲೋರಿನ್‌ನ ಪರಮಾಣು ರಾಶಿ 35.5 ಎಂದು ಬರೆದ ದಿನ ಹಿಂದಿನ ಬೆಂಚಿನಿಂದ ಯಾರಾದರೂ ‘ಸಾರ್, ಆ ಅರ್ಧ ನ್ಯೂಟ್ರಾನ್ ಎಲ್ಲಿರುತ್ತೆ?’ ಎನ್ನಬೇಕು. ರ‍್ಯಾಂಕ್ ವಿದ್ಯಾರ್ಥಿ ಕೇಳುವುದಿಲ್ಲ. ಅವನು ಆಗಲೇ ಬಾಯಿಪಾಠ ಮಾಡಿಯಾಗಿದೆ. ಕೇಳುವವನು ಸಾಮಾನ್ಯವಾಗಿ ಬೈಸಿಕೊಳ್ಳಲು ಸಿದ್ಧನಾಗಿಯೇ ಕೇಳುತ್ತಾನೆ. ಮೇಷ್ಟ್ರು ಬೈಯುವುದಿಲ್ಲ, ಕೈ ಕುಲುಕುತ್ತಾರೆ. ನಾಲ್ಕರಲ್ಲಿ ಮೂರು ಪಾಲು 35ರದು, ಒಂದು ಪಾಲು 37ರದು. ಸರಾಸರಿ ತೆಗೆದರೆ 35.5. ಆ ತೂಕದ ಒಂದೇ ಒಂದು ಪರಮಾಣುವನ್ನೂ ಯಾರೂ ಎಲ್ಲೂ ತೋರಿಸಲಾರರು.

ಮದುವೆ ಮನೆಯಲ್ಲೂ ಇದೇ ಕಥೆ. ಎಲೆಯ ತುದಿಗೆ ಉಪ್ಪು ಬಿದ್ದದ್ದೇ ತಡ, ಅದನ್ನು ಬೆರಳಲ್ಲಿ ನಾಲ್ಕು ಗುಪ್ಪೆ ಮಾಡಿ, ಮೂರನ್ನು ಒಂದು ಕಡೆ ಸರಿಸಿ, ಪಕ್ಕದವರಿಗೆ ಕ್ಲೋರಿನ್ ವಿವರಿಸುತ್ತಾರೆ. ಕುಡಿಯಲು ನೀರಿಟ್ಟರೆ, ಅದರಲ್ಲಿ ಆರು ಸಾವಿರ ಚಿಲ್ಲರೆ ಹೈಡ್ರೋಜನ್‌ಗೆ ಒಂದು ಡ್ಯುಟೀರಿಯಂ ಇದೆ, ಅದರದೇ ಭಾರಜಲ ಇಟ್ಟುಕೊಂಡು ನಮ್ಮ ಕೈಗಾದಲ್ಲಿ ಕರೆಂಟು ತೆಗೆಯುತ್ತಾರೆ ಎಂದು ಶುರು.

ನಿಮಗೆ ಇಂಥವರ ಪಕ್ಕದ ಎಲೆ ಸಿಕ್ಕರೆ ಎದ್ದು ಬೇರೆ ಸಾಲಿಗೆ ಹೋಗಬೇಡಿ, ಕೂತು ಕೇಳಿ. ತುಪ್ಪದವನನ್ನು ಮಾತ್ರ ನೀವೇ ಕೂಗಿ ನಿಲ್ಲಿಸಿಕೊಳ್ಳಿ, ಅವರು ನಿಲ್ಲಿಸುವುದಿಲ್ಲ.